ಅಕ್ಕನಿಗೆ ಕೊಟ್ಟ ಮಾತ್ರೆಗಳು

ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮಾ ಮುಗಿಸಿ, ಕೆಲವು ವರ್ಷ ಬೇರೆಯವರ ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತದ್ದು ಹಾಕಿಕೊಂಡೆ. ಕೊಬ್ಬರಿ ಮಂಡಿಯ ಹಮಾಲರು, ಹಳ್ಳಿಗಳಿಂದ ಬಸ್ಸಿಳಿದು ಬರುವ ಹೆಂಗಸರು, ಸಂಜೆ ಸ್ಕೂಲು ಬಿಟ್ಟು ಬರುವ ಮೇಷ್ಟ್ರುಗಳು, ಯಾರೇ ಕೌಂಟರಿನ ಮುಂದೆ ನಿಂತರೂ ನಾನು ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಮಾತು ‘ತಲೆನೋವಿಗೊಂದು ಮಾತ್ರೆ ಕೊಡಿ’ ಎಂಬುದೇ. ಜ್ವರ ಎಂದರೆ ಯಾರಿಗೆ, ಎಷ್ಟು ದಿನದಿಂದ ಎಂದು ಕೇಳುತ್ತೇವೆ. ಕೆಮ್ಮು ಎಂದರೆ ಕಫ ಇದೆಯೋ ಒಣಕೆಮ್ಮೋ ಎಂದು ವಿಚಾರಿಸುತ್ತೇವೆ. ತಲೆನೋವಿಗೆ ಏನನ್ನೂ ಕೇಳುವುದಿಲ್ಲ. ಸ್ಟ್ರಿಪ್ ಕತ್ತರಿಸಿ ಕೊಟ್ಟು, ಚಿಲ್ಲರೆ ವಾಪಸ್ ಮಾಡಿ, ಮುಂದಿನವರ ಕಡೆ ತಿರುಗುತ್ತೇವೆ.

ಹೀಗೆ ಏನೂ ಕೇಳದೆ ನಾನು ಅತಿ ಹೆಚ್ಚು ಮಾತ್ರೆ ಕೊಟ್ಟದ್ದು ಒಡಹುಟ್ಟಿದ ಅಕ್ಕನಿಗೆ. ಅವಳ ತಲೆನೋವಿನ ಜೊತೆಜೊತೆಗೇ ಖಿನ್ನತೆಯೂ ಬೆಳೆಯುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ ಎಂಬಷ್ಟೇ ಆಗಿದ್ದರೆ ತಿಳಿಯದೆ ಆದದ್ದು ಎನ್ನಬಹುದಿತ್ತು. ನಾನು ಔಷಧಿಯನ್ನೇ ಓದಿದವನು. ಮನಸ್ಸನ್ನು ಕುಗ್ಗಿಸಬಲ್ಲ ಮಾತ್ರೆ ಯಾವುದು ಎಂದು ಗೊತ್ತಿದ್ದೂ ಅದನ್ನೇ ತಿಂಗಳಿಂದ ತಿಂಗಳಿಗೆ ಅವಳ ಕೈಗಿಟ್ಟೆ. ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಬೇಡ, ಮಿಕ್ಕಿದ್ದೆಲ್ಲ ಬರಿ ಎಂದಳು.

ಅಕ್ಕ ಹುಳಿಯಾರು ಕಡೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಅಪ್ಪ ತೀರಿಕೊಂಡ ಮೇಲೆ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅವಳೇ. ಅರೆತಲೆನೋವು, ಅಂದರೆ ಮೈಗ್ರೇನ್, ಅವಳಿಗೆ ಹೈಸ್ಕೂಲಿನಿಂದಲೂ ಇತ್ತು. ಮುಟ್ಟಿನ ಹಿಂದುಮುಂದು ಒಮ್ಮೆ, ಬಿಸಿಲಲ್ಲಿ ಬಸ್ಸಿಗೆ ಕಾದು ನಿಂತರೆ ಇನ್ನೊಮ್ಮೆ. ಬಲಗಣ್ಣಿನ ಮೇಲೆ ಶುರುವಾಗಿ ಹಿಂದಲೆಗೆ ಹಬ್ಬುತ್ತಿತ್ತು. ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ, ಲೈಟು ಹಾಕಿದರೆ ರೇಗುತ್ತಿದ್ದಳು. ವಾಂತಿಯಾಗಿ, ಹಣೆಗೆ ಬಟ್ಟೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗಿ ಎದ್ದಳೆಂದರೆ ಮಾರನೆಯ ದಿನ ಮತ್ತೆ ಎಂದಿನ ಅಕ್ಕ. ಸ್ಕೂಲಿನಲ್ಲಿ ಪ್ರತಿಭಾ ಕಾರಂಜಿ ಬಂತೆಂದರೆ ಮಕ್ಕಳಿಗೆ ಹಾಡು ಕಲಿಸುವವಳು, ಕೋಲಾಟಕ್ಕೆ ಹೆಜ್ಜೆ ಹಾಕಿಸುವವಳು ಅವಳೇ. ನಲವತ್ತು ದಾಟಿದ ಮೇಲೆ ನೋವಿಲ್ಲದ ದಿನಗಳು ಕಡಿಮೆಯಾಗುತ್ತ ಬಂದವು.

ಆಗ ನಮ್ಮೂರಿನ ವೈದ್ಯರೊಬ್ಬರು ನೋವು ಬರದಂತೆ ತಡೆಯಲು ರಾತ್ರಿ ಮಲಗುವ ಮುಂಚೆ ಫ್ಲುನಾರಿಜಿನ್ ತಗೊಳ್ಳಿ ಎಂದು ಎರಡು ತಿಂಗಳಿಗೆ ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ಬಂದು ತೋರಿಸಿ ಎಂದು ಚೀಟಿಯ ಕೆಳಗೆ ಸ್ಪಷ್ಟವಾಗಿಯೇ ಬರೆದಿದ್ದರು. ಮಾತ್ರೆಯಿಂದ ಗುಣ ಕಂಡಿತು. ಗುಣ ಕಂಡಿದ್ದರಿಂದಲೇ ಅಕ್ಕ ಮತ್ತೆ ಹೋಗಲಿಲ್ಲ. “ನಿನ್ನ ಅಂಗಡಿ ಇರುವಾಗ ಅಲ್ಲಿ ಹೋಗಿ ಯಾಕೆ ಕಾಯ್ತಾ ಕೂತ್ಕೊಳ್ಳಲಿ? ಅದನ್ನೇ ಕೊಟ್ಟುಬಿಡೋ,” ಎಂದಳು. ಕೊಟ್ಟೆ. ಹಳೇ ಚೀಟಿಯ ಮೇಲೆ ಮಾತ್ರೆ ಕೊಡಬಾರದು ಎಂಬ ನಿಯಮವನ್ನು ಊರಿನವರಿಗೆ ಹೇಳುತ್ತಿದ್ದ ನಾನು ಮನೆಯವರ ವಿಷಯದಲ್ಲಿ ಅದನ್ನು ಮರೆತೆ. ವರ್ಷ ದಾಟಿತು. ಫ್ಲುನಾರಿಜಿನ್ ನಿದ್ದೆಗೆಳೆಯುತ್ತದೆ, ತೂಕ ಹೆಚ್ಚಿಸುತ್ತದೆ, ಕೆಲವರಲ್ಲಿ ಕೈನಡುಕ ತರುತ್ತದೆ. ಖಿನ್ನತೆ ಇರುವವರಿಗೆ, ಹಿಂದೆ ಪದೇಪದೇ ಆಗಿದ್ದವರಿಗೆ ಅದನ್ನು ಕೊಡಲೇಬಾರದು. ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಆರು ತಿಂಗಳಾದ ಮೇಲೆ ನಿಲ್ಲಿಸಿ ನೋಡಬೇಕು. ಇದೆಲ್ಲ ಮಾತ್ರೆಯ ಜೊತೆ ಬರುವ ಕಾಗದದಲ್ಲೇ ಅಚ್ಚಾಗಿರುತ್ತದೆ. ಆ ಕಾಗದವನ್ನು ನಾನೇ ಬಾಕ್ಸಿನಿಂದ ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಅದರ ಜೊತೆಗೆ ನೋವು ಬಂದಾಗ ನುಂಗಲು ಬೇರೆ ಮಾತ್ರೆ. ಮೊದಮೊದಲು ಪ್ಯಾರಾಸಿಟಮಾಲ್, ಆಮೇಲೆ ಎರಡು ಮೂರು ಔಷಧಿ ಮತ್ತು ಕೆಫೀನ್ ಬೆರೆಸಿದವು. ಅವಳು ಸಂಜೆ ಐದೂವರೆಯ ಬಸ್ಸಿಳಿದು ಅಂಗಡಿಗೆ ಬರುತ್ತಿದ್ದಳು. ಮೊದಲೆಲ್ಲ ಸ್ಟೂಲಿನ ಮೇಲೆ ಕೂತು, ಅಂದಿನ ಮಕ್ಕಳ ಕಥೆಯನ್ನೆಲ್ಲ ಹೇಳಿ, ಕಾಫಿ ತರಿಸಿ ಕುಡಿದು ಹೋಗುತ್ತಿದ್ದವಳು ಬರುಬರುತ್ತ ನಿಂತೇ ಇರತೊಡಗಿದಳು. ಕೈ ಚಾಚುತ್ತಿದ್ದಳು, ನಾನು ಸ್ಟ್ರಿಪ್ ಇಡುತ್ತಿದ್ದೆ, ಹೋಗುತ್ತಿದ್ದಳು. ದಿನವೂ ಮುಡಿಯುತ್ತಿದ್ದ ಕನಕಾಂಬರ ನಿಂತಿತು. ಪ್ರತಿಭಾ ಕಾರಂಜಿಯ ಕೆಲಸವನ್ನು ಹೊಸದಾಗಿ ಬಂದ ಟೀಚರಿಗೆ ಬಿಟ್ಟುಕೊಟ್ಟಳು. ಚಿಕ್ಕಪ್ಪನ ಮಗಳ ಸೀಮಂತಕ್ಕೆ ಬರಲಿಲ್ಲ. ಊರಿನ ಗಣಪತಿ ಮೆರವಣಿಗೆ ಅವರ ಬೀದಿಯಲ್ಲೇ ಹಾದು ಹೋದರೂ ಬಾಗಿಲಿಗೆ ಬರಲಿಲ್ಲ. ಒಂದೊಂದನ್ನೂ ನಾವು ಗಮನಿಸಿದ್ದೆವು, ಒಂದೊಂದಕ್ಕೂ ನಮ್ಮ ಬಳಿ ಉತ್ತರ ಸಿದ್ಧವಿತ್ತು: ‘ಪಾಪ, ತಲೆನೋವು.’

ನಮ್ಮ ಮನೆಗಳಲ್ಲಿ ತಲೆನೋವಿಗೆ ಮರ್ಯಾದೆ ಇದೆ. ತಲೆನೋವು ಎಂದವಳಿಗೆ ಮಲಗಲು ಬಿಡುತ್ತಾರೆ, ಮದುವೆಗೆ ಬರದಿದ್ದರೂ ಕ್ಷಮಿಸುತ್ತಾರೆ. ಬೇಸರ, ಯಾವುದರಲ್ಲೂ ಮನಸ್ಸಿಲ್ಲ ಎಂದವಳಿಗೆ ಸಿಗುವುದು ಬೇರೆಯದೇ ಮಾತು. ಏನು ಕಡಿಮೆಯಾಗಿದೆ ನಿನಗೆ, ಸರ್ಕಾರಿ ಕೆಲಸ ಇದೆ, ಕುಡಿಯದ ಗಂಡ ಇದ್ದಾನೆ, ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ ಎಂದು ಲೆಕ್ಕ ಒಪ್ಪಿಸುತ್ತಾರೆ. ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವಳು ತಲೆನೋವಿನ ಮಾತನ್ನಷ್ಟೇ ಆಡಿದಳು. ಅದು ಸುಳ್ಳೂ ಆಗಿರಲಿಲ್ಲ, ನೋವು ದಿನವೂ ಇತ್ತು.

ಒಂದೇ ಒಂದು ಸಲ ಬೇರೆ ಮಾತು ಆಡಿದ್ದಳು. ಜೋರು ಮಳೆ, ಅಂಗಡಿಯಲ್ಲಿ ಯಾರೂ ಇರಲಿಲ್ಲ. “ಯಾಕೋ ಯಾವುದೂ ಬೇಡ ಅನ್ನಿಸುತ್ತೆ ಕಣೋ. ಬೆಳಿಗ್ಗೆ ಎಚ್ಚರ ಆದ್ರೆ, ಅಯ್ಯೋ ಮತ್ತೆ ಎದ್ನಲ್ಲ ಅನ್ನಿಸುತ್ತೆ,” ಎಂದಳು. ಆ ಮಾತು ಹೇಳಲು ಅವಳು ಎಷ್ಟು ದಿನ ಕಾದಿದ್ದಳೋ. ನಾನು ಬಿಲ್ ಪುಸ್ತಕದಿಂದ ತಲೆ ಎತ್ತಿ, “ನಿದ್ದೆ ಸಾಲದು ಅಕ್ಕ, ತಲೆನೋವು ಒಂದು ಹಿಡಿತಕ್ಕೆ ಬಂದ್ರೆ ಎಲ್ಲ ಸರಿಹೋಗುತ್ತೆ,” ಎಂದು ಇನ್ನೂ ಸ್ವಲ್ಪ ಜೋರಿನ ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳಲ್ಲಿ ನಡೆಸಿದ ಒಂದು ದೊಡ್ಡ ಅಧ್ಯಯನವನ್ನು ನಾನು ಓದಿದ್ದು ಎಲ್ಲ ಆದ ಮೇಲೆ. ನಮ್ಮ ಬೆಂಗಳೂರೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಅದರ ಆಧಾರದ ಮೇಲೆ 1999ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಸಾಮಾನ್ಯ ವೈದ್ಯರ ಬಳಿ ಬಂದಿದ್ದ 1,146 ಖಿನ್ನತೆಯ ರೋಗಿಗಳಲ್ಲಿ ಶೇಕಡಾ 69ರಷ್ಟು ಜನ ಹೇಳಿಕೊಂಡದ್ದು ಬರೀ ಮೈಕೈ ತೊಂದರೆಯನ್ನು. ಅಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಜನ ಮನಸ್ಸಿನ ವಿಷಯ ಬಾಯಿ ಬಿಡುವುದಿಲ್ಲ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಅಂಕಿ ಇದೆ: ನೇರವಾಗಿ ಕೇಳಿದಾಗಲೂ ಮನಸ್ಸಿನ ಲಕ್ಷಣ ಏನೂ ಇಲ್ಲ ಎಂದವರು ಶೇಕಡಾ 11 ಮಾತ್ರ. ಮಿಕ್ಕವರಲ್ಲಿ ಬಹಳಷ್ಟು ಜನ ಯಾರಾದರೂ ಕೇಳಿದರೆ ಹೇಳುವವರು. ನನ್ನ ಅಕ್ಕ ಕೇಳುವುದಕ್ಕೂ ಕಾಯದೆ ತಾನೇ ಹೇಳಿದ್ದಳು.

ವಿಷಯ ಹೊರಗೆ ಬಂದದ್ದು ಅವಳ ಮಗಳಿಂದ. ದಸರಾ ರಜೆಗೆ ಊರಿಗೆ ಬಂದ ಹುಡುಗಿ ಒಂದು ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಕೌಂಟರಿನ ಮೇಲಿಟ್ಟಳು. ಬೀರುವಿನಲ್ಲಿ ಸೀರೆಗಳ ಹಿಂದೆ ಇತ್ತಂತೆ. ಮುಚ್ಚಳ ತೆಗೆದರೆ ಬರೀ ಸ್ಟ್ರಿಪ್‌ಗಳು. ಕೆಲವು ಖಾಲಿ, ಕೆಲವು ಅರ್ಧ, ಕೆಲವು ಪೂರ್ತಿ. ನನ್ನದೇ ಅಂಗಡಿಯ ಖಾಕಿ ಕವರುಗಳು, ಅವುಗಳ ಮೇಲೆ ನನ್ನದೇ ಕೈಬರಹ. “ಮಾವ, ಅಮ್ಮ ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಗೊಳ್ತಾರೆ ಅಂತ ನಿಮಗೆ ಗೊತ್ತಾ?” ಎಂದು ಕೇಳಿದಳು. ಗೊತ್ತಿರಲಿಲ್ಲ. ಮನೆಯವರ ಲೆಕ್ಕ ಬರೆಯುವ ನೋಟ್‌ಬುಕ್ ತೆಗೆದು ಕೂಡಿಸಿದೆ. ಅಕ್ಕ ಮಾತ್ರೆ ನುಂಗದ ದಿನ ಇತ್ತೇ ಎಂಬುದೇ ಅನುಮಾನವಾಯಿತು.

ತುಮಕೂರಿನ ನರರೋಗ ತಜ್ಞೆಯೊಬ್ಬರ ಹತ್ತಿರ ಹೋದೆವು. ಅವರು ಸ್ಕ್ಯಾನಿಂಗ್ ಮಾತು ಎತ್ತುವ ಮೊದಲು ಕೇಳಿದ್ದು ದಿನಗಳ ಲೆಕ್ಕ. ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣದಲ್ಲಿ ಇದಕ್ಕೆ ಗೆರೆಗಳಿವೆ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣ ಇದ್ದರೆ ಅದು ದೀರ್ಘಕಾಲದ ಮೈಗ್ರೇನ್. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಬೆರಕೆ ಮಾತ್ರೆಗಳನ್ನೋ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್‌ಗಳನ್ನೋ 10 ದಿನ ತೆಗೆದುಕೊಳ್ಳುತ್ತ ಮೂರು ತಿಂಗಳು ಕಳೆದರೆ ಆ ಮಾತ್ರೆಯೇ ತಲೆನೋವು ತರಿಸಬಹುದು. ಅಕ್ಕ ಎರಡು ಗೆರೆಗಳನ್ನೂ ಎಂದೋ ದಾಟಿದ್ದಳು. ನೋವಿಗೆಂದು ನಾನು ಕೊಟ್ಟದ್ದೇ ಮಾರನೆಯ ದಿನದ ನೋವಿಗೆ ಕಾರಣವಾಗುತ್ತಿತ್ತು.

ಆಮೇಲೆ ಡಾಕ್ಟರು ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆಗಳು. ಯಾವ ಕೆಲಸದಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗಿದೆ, ಸುಸ್ತೇ, ಹಸಿವೆ ಹೇಗೆ, ನಿಮ್ಮ ಬಗ್ಗೆ ನಿಮಗೇ ಕೀಳು ಅನ್ನಿಸುತ್ತದೆಯೇ. ಅಕ್ಕ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಿನಂತೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಟಿಕ್ ಹಾಕುತ್ತ ಹೋದಳು. ಕೊನೆಯ ಪ್ರಶ್ನೆಗೆ ಬಂದಾಗ ಬೆರಳು ನಿಂತಿತು. ಸತ್ತುಹೋದರೆ ಚೆನ್ನಾಗಿತ್ತು ಎಂಬ ಯೋಚನೆ ಬರುತ್ತದೆಯೇ ಎಂಬುದು ಆ ಪ್ರಶ್ನೆ. ಟಿಕ್ ಹಾಕಿ, ಹಾಳೆಯನ್ನು ನನಗೆ ಕಾಣದಂತೆ ಮಡಚಿ ಡಾಕ್ಟರಿಗೆ ಕೊಟ್ಟಳು. ನನ್ನನ್ನೂ ಭಾವನನ್ನೂ ಹೊರಗೆ ಕೂರಿಸಿದರು.

ತುಂಬ ಹೊತ್ತಾದ ಮೇಲೆ, ಅಕ್ಕನ ಒಪ್ಪಿಗೆ ಪಡೆದು ನಮ್ಮನ್ನು ಕರೆದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಇವತ್ತೇ ತೆಗೆದುಬಿಡಿ, ಇನ್ನು ಮುಂದೆ ವಾರಕ್ಕೆ ಆಗುವಷ್ಟು ಮಾತ್ರ ಕೈಗೆ ಕೊಡಿ ಎಂದರು. ಬಿಸ್ಕತ್ತಿನ ಡಬ್ಬಿಯಲ್ಲಿ ಏನಿತ್ತು ಎಂಬುದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಮೈ ಬೆವರಿತು. ಅವರು ಫ್ಲುನಾರಿಜಿನ್ ಸ್ಟ್ರಿಪ್ ತಿರುಗಿಸಿ ನೋಡಿ, “ಇದನ್ನು ಇಷ್ಟು ದಿನ ಯಾರು ಬರೆದುಕೊಡ್ತಿದ್ರು?” ಎಂದರು. ನಾನು ಮೆಡಿಕಲ್ ಶಾಪಿನವನು ಎಂದೆ. ಅವರು ಬೈಯಲಿಲ್ಲ. ಇದೊಂದರಿಂದಲೇ ಹೀಗಾಯಿತು ಎನ್ನಲಾರೆ, ಮೈಗ್ರೇನ್ ಇರುವವರಿಗೆ ಖಿನ್ನತೆ ಬರುವ ಸಾಧ್ಯತೆ ಹೇಗೂ ಹೆಚ್ಚು, ಆದರೆ ಇದು ಬೆಂಕಿಗೆ ತುಪ್ಪ ಸುರಿದಿರಬಹುದು ಎಂದರು. ಮನೋವೈದ್ಯರಿಗೆ ಬರೆದುಕೊಟ್ಟರು.

ಆ ದಿನ ವಾಪಸ್ ಬರುವ ದಾರಿಯಲ್ಲಿ ಭಾವ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದರು: ತಲೆನೋವಿನಿಂದ ಬೇಸರವೋ, ಬೇಸರದಿಂದ ತಲೆನೋವೋ? ನಾನೂ ಆಮೇಲೆ ಅದಕ್ಕೇ ಉತ್ತರ ಹುಡುಕಿದೆ. ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ ನವೋಮಿ ಬ್ರೆಸ್ಲಾ ಮತ್ತು ಸಂಗಡಿಗರು ಜನರನ್ನು ಎರಡು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ದಿಕ್ಕು ನಿಜವೆಂದು ಕಂಡಿತು. ಮೈಗ್ರೇನ್ ಇದ್ದವರಿಗೆ ಹೊಸದಾಗಿ ಖಿನ್ನತೆ ಬರುವುದು ಹೆಚ್ಚು. ಖಿನ್ನತೆ ಇದ್ದವರಿಗೆ ಹೊಸದಾಗಿ ಮೈಗ್ರೇನ್ ಬರುವುದೂ ಹೆಚ್ಚು. ಮೈಗ್ರೇನ್ ಅಲ್ಲದ ಬೇರೆ ಜೋರು ತಲೆನೋವುಗಳಲ್ಲಿ ಈ ಎರಡು ಕಡೆಯ ನಂಟು ಹಾಗೆ ಕಾಣಲಿಲ್ಲ. ನೋವಿನಿಂದ ನೊಂದು ಮನಸ್ಸು ಸೋಲುತ್ತದೆ ಎಂಬಷ್ಟೇ ಆಗಿದ್ದರೆ ಎಲ್ಲ ತಲೆನೋವಿಗೂ ಒಂದೇ ಲೆಕ್ಕ ಇರಬೇಕಿತ್ತು. ಹಾಗಿಲ್ಲದ್ದರಿಂದ ಎರಡಕ್ಕೂ ಮಿದುಳಿನಲ್ಲೇ ಎಲ್ಲೋ ಒಂದು ಸಮಾನ ಬೇರು ಇದೆ ಎಂದು ಸಂಶೋಧಕರು ಊಹಿಸುತ್ತಾರೆ. ನೋವನ್ನು ಹತೋಟಿಯಲ್ಲಿಡುವ, ಮನಸ್ಸಿನ ಏರಿಳಿತ ನೋಡಿಕೊಳ್ಳುವ ವ್ಯವಸ್ಥೆಗಳೆರಡರಲ್ಲೂ ಸಿರೊಟೋನಿನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆ. ವಂಶದಿಂದ ಬರುವ ಗುಣಗಳಲ್ಲೂ ಕೆಲವು ಎರಡಕ್ಕೂ ಸೇರಿದವು. ಇದರ ಮೇಲೆ ನಿದ್ದೆಗೇಡು, ಮುಂದಿನ ನೋವು ಯಾವಾಗ ಬರುತ್ತದೋ ಎಂಬ ದಿಗಿಲು, ಒಪ್ಪಿಕೊಂಡ ಕೆಲಸ ಮತ್ತೆ ಮತ್ತೆ ಬಿಡಬೇಕಾಗುವ ನಾಚಿಕೆ.

ನಮ್ಮ ರಾಜ್ಯದ ಲೆಕ್ಕವೂ ಇದೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಸೇರಿ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವರ್ಷವೊಂದರಲ್ಲಿ ತಲೆನೋವು ಕಂಡವರು ಶೇಕಡಾ 63.9, ಮೈಗ್ರೇನ್ ಇದ್ದವರು ಶೇಕಡಾ 25.2. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ನರಳುವವರು ನೂರಕ್ಕೆ ಮೂವರು. ನನ್ನ ಕೌಂಟರಿಗೆ ಇಂಥವರು ಎಷ್ಟು ಜನ ಬಂದು ಹೋಗಿರಬಹುದು ಎಂದು ಯೋಚಿಸಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನೋವಿನ ಮಾತ್ರೆ ನಿಲ್ಲಿಸಿದ ಮೊದಲ ವಾರ ಬಹಳ ಕಷ್ಟದ್ದು. ಎರಡರಿಂದ ಹತ್ತು ದಿನ ನೋವು ಏರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಸ್ಕೂಲಿಗೆ ರಜೆ ಹಾಕಿದಳು, ನಾನು ರಾತ್ರಿ ಅವರ ಮನೆಯಲ್ಲೇ ಉಳಿದೆ. ವಾಂತಿಗೆ, ನಿದ್ದೆಗೆ ಡಾಕ್ಟರು ಕೊಟ್ಟದ್ದನ್ನು ಬಿಟ್ಟರೆ ಬೇರೇನೂ ಕೊಡುವಂತಿರಲಿಲ್ಲ. ನಡುರಾತ್ರಿ ಅವಳು ಗೋಡೆಗೆ ತಲೆ ಒತ್ತಿಕೊಂಡು, “ಒಂದೇ ಒಂದು ಕೊಡೋ, ನಿನ್ನ ದಮ್ಮಯ್ಯ,” ಎಂದಳು. ಅಂಗಡಿಯ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಕೊಡಲಿಲ್ಲ. ನನ್ನನ್ನು ಬಾಯಿಗೆ ಬಂದಂತೆ ಬೈದಳು. ಇಷ್ಟು ವರ್ಷ ಕೇಳಿದಾಗಲೆಲ್ಲ ಕೊಟ್ಟವನು ಆ ರಾತ್ರಿ ಇಲ್ಲ ಎಂದು ಕೂತಿದ್ದೆ. ಇದನ್ನು ಯಾರೂ ಮನೆಯಲ್ಲಿ ತಾವೇ ಮಾಡಹೋಗಬಾರದು. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಡುವುದು ಅಪಾಯ, ವೈದ್ಯರು ಹೇಳಿದ ಕ್ರಮದಲ್ಲೇ ಬಿಡಬೇಕು.

ಮನೋವೈದ್ಯರ ಹತ್ತಿರ ಹೋಗಲು ಅವಳು ಸುಲಭಕ್ಕೆ ಒಪ್ಪಲಿಲ್ಲ. “ನನಗೇನು ಹುಚ್ಚಾ?” ಎಂದಳು. ಭಾವನಿಗೆ ಊರಿನವರು ಯಾರಾದರೂ ನೋಡಿಯಾರೆಂಬ ಅಂಜಿಕೆ. ಒಪ್ಪಿಸಿದ್ದು ಮಗಳು. ಅಲ್ಲಿ ವೆನ್ಲಫ್ಯಾಕ್ಸಿನ್ ಶುರುಮಾಡಿದರು. ಖಿನ್ನತೆಗೂ ಆಗುತ್ತದೆ, ಮೈಗ್ರೇನ್ ತಡೆಯಲೂ ಬಳಸುತ್ತಾರೆ. ನಮ್ಮಂಥವರು ತಪ್ಪು ತಿಳಿಯುವ ಒಂದು ಜಾಗ ಇಲ್ಲಿದೆ. ತಲೆನೋವಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿದ್ದರೆ, ಅದು ಖಿನ್ನತೆಯ ಔಷಧಿ ತಾನೇ, ಎರಡಕ್ಕೂ ಆಯಿತು ಎಂದುಕೊಳ್ಳುತ್ತೇವೆ. ಅಷ್ಟು ಸಣ್ಣ ಪ್ರಮಾಣ ನೋವಿಗೆ ಸಾಕಾಗಬಹುದು, ಖಿನ್ನತೆಗೆ ಸಾಲದು. ವೆನ್ಲಫ್ಯಾಕ್ಸಿನ್ ತಗೊಂಡ ಮೊದಮೊದಲು ಅಕ್ಕನಿಗೆ ಹೊಟ್ಟೆ ತೊಳಸಿತು, ಗುಣವೇನೂ ಕಾಣಲಿಲ್ಲ, ಬಿಟ್ಟುಬಿಡುತ್ತೇನೆ ಎಂದು ಹಟ ಹಿಡಿದಳು. ಕೆಲವು ವಾರ ಕಳೆದ ಮೇಲೆ ನಿದ್ದೆ ಮೊದಲು ಸರಿಹೋಯಿತು. ಕೌನ್ಸೆಲಿಂಗಿಗೂ ಹೋದಳು. ಅಲ್ಲಿ ಏನು ಮಾತಾಡಿದಳೆಂದು ನನಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ತಲೆನೋವೆಂದರೆ ಮನಸ್ಸಿನದೇ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೊಂದು ಅನ್ಯಾಯ. ಹೆಂಗಸರು ತಲೆನೋವೆಂದರೆ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸುವವರು ಈಗಲೇ ಸಾಕಷ್ಟು ಇದ್ದಾರೆ. ಮೈಗ್ರೇನ್ ನರದ ಕಾಯಿಲೆ, ಅಕ್ಕನ ನೋವು ಒಂದು ಚೂರೂ ನಟನೆಯಲ್ಲ. ಬಹುಪಾಲು ತಲೆನೋವಿನ ಹಿಂದೆ ಖಿನ್ನತೆ ಇರುವುದಿಲ್ಲ. ಸಿಡಿಲು ಬಡಿದ ಹಾಗೆ ಒಮ್ಮೆಗೇ ಬಂದದ್ದು, ಜ್ವರ ಮತ್ತು ಕತ್ತು ಬಿಗಿತದ ಜೊತೆ ಬಂದದ್ದು, ಕೈಕಾಲು ಸೋತು ಮಾತು ತೊದಲಿದ್ದು, ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದದ್ದು ಇದ್ದರೆ ಮೆಡಿಕಲ್ ಶಾಪಿಗೆ ಬರಬಾರದು, ಆಸ್ಪತ್ರೆಗೇ ಹೋಗಬೇಕು.

ಈಗ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳುತ್ತೇನೆ. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಗೊಳ್ತೀರಿ ಎಂಬುದು ಮೊದಲನೆಯದು. ಲೆಕ್ಕ ಜಾಸ್ತಿ ಎನಿಸಿದರೆ, ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದು ಯಾವುದಾದರೂ ಈಗ ಬಿಟ್ಟುಹೋಗಿದೆಯಾ ಎಂದು ಮೆಲ್ಲಗೆ ಕೇಳುತ್ತೇನೆ. ಕೆಲವರು ಸಿಡುಕಿ ಎದುರಿನ ಅಂಗಡಿಗೆ ಹೋಗುತ್ತಾರೆ. ಹಳೇ ಚೀಟಿಯ ಮೇಲೆ ಕೊಡುವುದಿಲ್ಲ ಎಂದಾಗ ಸಂಬಂಧಿಕರೇ ಮುನಿಸಿಕೊಂಡಿದ್ದಾರೆ. ಮಂಡಿಯ ಒಬ್ಬ ಹಮಾಲ ಎರಡನೆಯ ಪ್ರಶ್ನೆಗೆ ಏನೂ ಹೇಳದೆ ಹೋಗಿ, ಮಾರನೆಯ ದಿನ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಹೇಳಿಕೊಂಡ. ಅವನಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸುವ ಮನೋಚೈತನ್ಯ ಕ್ಲಿನಿಕ್ಕಿನ ವಿಷಯ ಹೇಳಿದೆ, 14416 ಬರೆದುಕೊಟ್ಟೆ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗ ಆ ನಂಬರನ್ನು ದೊಡ್ಡದಾಗಿ ಬರೆಸಿ ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ.

ಅಕ್ಕನಿಗೆ ತಲೆನೋವು ಪೂರ್ತಿ ಹೋಗಿಲ್ಲ. ತಿಂಗಳಲ್ಲಿ ಕೆಲವು ದಿನ ಬರುತ್ತದೆ, ಬಂದ ದಿನ ಡೈರಿಯಲ್ಲಿ ಬರೆದಿಡುತ್ತಾಳೆ. ಪ್ರತಿಭಾ ಕಾರಂಜಿಗೆ ಈ ಸಲ ಹಾಡು ಕಲಿಸಲು ಒಪ್ಪಿದ್ದಾಳೆ, ಕೋಲಾಟ ಇನ್ನೂ ಬೇಡವಂತೆ. ವೆನ್ಲಫ್ಯಾಕ್ಸಿನ್ ಬಿಪಿ ಏರಿಸಬಹುದಾದ್ದರಿಂದ ಆಗಾಗ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ, ನಾನು ಪಟ್ಟಿ ಕಟ್ಟಿ ನೋಡಿ ಅದೇ ಡೈರಿಯಲ್ಲಿ ಬರೆದುಕೊಡುತ್ತೇನೆ. ಮಾತ್ರೆ ಇನ್ನು ಸಾಕು ಎನ್ನುವುದು ಅವಳ ವಾದ. ಇನ್ನೂ ಕೆಲವು ತಿಂಗಳು ಇರಲಿ, ನಿಲ್ಲಿಸುವುದಾದರೂ ಹಂತಹಂತವಾಗಿ ಎನ್ನುತ್ತಾರೆ ಡಾಕ್ಟರು. ನನ್ನನ್ನು ಕೇಳಿದಳು. ಅದು ನೀನೂ ಅವರೂ ಮುಂದಿನ ಸಲ ಹೋದಾಗ ಕೂತು ಮಾತಾಡಬೇಕಾದ್ದು ಅಕ್ಕ ಎಂದೆ. ಮುಂದಿನ ತಿಂಗಳು ತುಮಕೂರಿಗೆ ಹೋಗುವುದಿದೆ.